ಗಂಟಲಿಗಿಳಿದ ಕೈ

ಮೈದುನನಿಗೆ ಹೆಣ್ಣು ನೋಡಲು ಹೋದ ದಿನ ದೊಡ್ಡವಳು ಹುಡುಗಿಯ ಮುಖ ನೋಡುವುದಕ್ಕೆ ಮೊದಲು ಕೈ ನೋಡಿದಳು. ಬಳೆ ನೋಡುವ ನೆಪದಲ್ಲಿ ಮಣಿಕಟ್ಟು ಹಿಡಿದು, ಬೆರಳುಗಳನ್ನು ಒಂದೊಂದಾಗಿ ನೀವಿ, ಹಸ್ತವನ್ನು ಕಿರಿದಾಗಿ ಮಡಿಸಿ ನೋಡಿ, "ಆಗಬಹುದು" ಎಂದಳು. ಹುಡುಗಿಯ ಕಡೆಯವರು ಹಿರಿಸೊಸೆಯೇ ಒಪ್ಪಿದಳಲ್ಲ ಎಂದು ಹಿಗ್ಗಿಹೋದರು. ಅವಳು ಒಪ್ಪಿದ್ದು ದನದ ಗಂಟಲಿಗೆ ಇಳಿಯಬಲ್ಲ ಒಂದು ಕೈಯನ್ನು ಎಂಬುದು ಆ ಬಡಪಾಯಿಗಳಿಗೆ ತಿಳಿದಿದ್ದು ಮದುವೆ ಮುಗಿದ ಮೇಲೆ.

ದೊಡ್ಡವಳಿಗೆ ಬೀದಿಯವರು ಇಟ್ಟ ಹೆಸರು ಡಾಕ್ಟ್ರಮ್ಮ. ಮೊದಮೊದಲು ಗೇಲಿಗೆ ಕರೆಯುತ್ತಿದ್ದರು, ಬರುಬರುತ್ತಾ ಗರಜಿಗೆ ಕರೆಯತೊಡಗಿದರು. ಯಾರದಾದರೂ ಹಸು ಆಲೂಗಡ್ಡೆಯನ್ನೋ ಮಾವಿನ ಗೊರಟವನ್ನೋ ಇಡಿಯಾಗಿ ನುಂಗಿ, ಅದು ಗಂಟಲಲ್ಲಿ ಕೂತು, ಕತ್ತು ಚಾಚಿ ಜೊಲ್ಲು ಸುರಿಸುತ್ತಾ ನಿಂತಿತೆಂದರೆ ಮಾಲೀಕ ಮೊದಲು ಓಡಿಬರುತ್ತಿದ್ದುದು ಇವಳ ಗೇಟಿಗೆ. ಇವಳು ಮೊಣಕೈವರೆಗೆ ಎಣ್ಣೆ ಸವರಿಕೊಂಡು, ಹಸುವಿನ ನಾಲಿಗೆಯನ್ನು ಒಂದು ಪಕ್ಕಕ್ಕೆ ಎಳೆದು ಹಿಡಿದು, ಇನ್ನೊಂದು ಕೈಯನ್ನು ಒಳಗೆ ಇಳಿಸುವಳು. ಇಳಿಸುವಾಗ ಕಣ್ಣು ಮುಚ್ಚಿಕೊಳ್ಳುವಳು. ಬೆರಳಿಗೆ ಗೊರಟ ತಾಗಿದ ಕೂಡಲೇ ತುಟಿಯ ಕೊನೆಯಲ್ಲಿ ಒಂದು ಸಣ್ಣ ನಗು ಮೂಡುವುದು. ಎಂಥ ಹಸುವಾದರೂ ಉಳಿಯುತ್ತದೆ ಎಂದಲ್ಲ. ಕೆಲವು ಸಲ ಕಣ್ಣಿನ ರೆಪ್ಪೆ ಎತ್ತಿ ನೋಡಿದ ಮೇಲೆ ಅವಳು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಮಾಲೀಕನತ್ತ ತಿರುಗಿ, ಏನೂ ಆಗದವಳ ಹಾಗೆ ಮೆಲ್ಲಗೆ, "ಮೇವು ತಿಂತಾ?" ಎಂದು ಕೇಳುವಳು. ಬೀದಿಯವರಿಗೆ ಆ ದನಿ ಗೊತ್ತಿತ್ತು. ಆ ದನಿಯಲ್ಲಿ ಹಾಗೆ ಕೇಳಿದಳೆಂದರೆ ಹಸುವಿನ ಆಸೆ ಬಿಟ್ಟಳು ಎಂದೇ ಅರ್ಥ.

ಆದರೆ ವಯಸ್ಸು ಯಾರನ್ನು ಬಿಟ್ಟೀತು. ಬೆರಳ ಗೆಣ್ಣುಗಳು ಊದಿಕೊಂಡು ಕೈ ದಪ್ಪಗಾಯಿತು. ಒಂದು ದಿನ ಹಿಂದಿನ ಬೀದಿಯವರ ಹಸುವಿನ ಬಾಯಿಯಲ್ಲಿ ಕೈ ಹೋಗಲೂ ಒಲ್ಲದೆ ಬರಲೂ ಒಲ್ಲದೆ ಸಿಕ್ಕಿಕೊಂಡಾಗ, ಮನೆಗೆ ಇನ್ನೊಂದು ಕೈ ಬೇಕು ಎಂದು ಅವಳಿಗೆ ಖಾತ್ರಿಯಾಯಿತು. ಹಾಗೆ ಬಂದವಳು ಚಿಕ್ಕವಳು.

ಮನೆಯಲ್ಲಿ ಇದ್ದವರು ನಾಲ್ಕೇ ಜನ. ದೊಡ್ಡವಳ ಗಂಡ ಲಾರಿ ಡ್ರೈವರ್, ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಮೈದುನ ಗಾರೆ ಕೆಲಸದವನು, ಬೆಳಿಗ್ಗೆ ಹೋದರೆ ಸಂಜೆಯೇ. ಹಾಗಾಗಿ ಆರು ಹಸು, ಎರಡು ಕರುಗಳ ಆ ಕೊಟ್ಟಿಗೆ ನಿಜವಾಗಿ ಓರಗಿತ್ತಿಯರಿಬ್ಬರ ರಾಜ್ಯ. ರಾಜ್ಯಭಾರವೆಲ್ಲ ದೊಡ್ಡವಳದು, ಚಾಕರಿ ಇಬ್ಬರದು.

ಆರು ಹಸುವನ್ನು ಕೈ ಸುಟ್ಟುಕೊಳ್ಳದೆ ಸಾಕುವುದು ಹುಡುಗಾಟವಲ್ಲ. ದೊಡ್ಡವಳು ಹುಲ್ಲನ್ನು ಗೇಣುದ್ದ ಕತ್ತರಿಸದೆ ಹಾಕುತ್ತಿರಲಿಲ್ಲ, ಉದ್ದ ಹುಲ್ಲಾದರೆ ಹಸು ಅರ್ಧ ತಿಂದು ಅರ್ಧ ತುಳಿಯುತ್ತದೆ. ಸಂತೆ ಮುಗಿದ ಮೇಲೆ ತರಕಾರಿಯವರು ಬಿಟ್ಟುಹೋದ ಕೋಸಿನ ಎಲೆ, ಮೂಲಂಗಿ ಸೊಪ್ಪು ಹೊತ್ತು ತರುವಳು, ತಂದು ಕೊಳೆತದ್ದನ್ನೆಲ್ಲ ಆರಿಸಿ ಎಸೆಯುವಳು. ಬೂಸಾ ಚೀಲದೊಳಗೆ ಮೂಗು ಇಟ್ಟು ಮೂಸಿ, ಮುಗ್ಗು ವಾಸನೆ ಬಂದರೆ ಅಂಗಡಿಯವನ ಎದುರೇ ಚೀಲ ಮಗುಚುವಳು. ಹಾಲು ಕರೆಯುವುದಕ್ಕೂ ಒಂದು ಸರದಿ ಇತ್ತು. ಮೊದಲ ಕರುವಿನವು ಮೊದಲು, ಮುದುಕಿಯರು ಆಮೇಲೆ, ಕೆಚ್ಚಲು ಸ್ವಲ್ಪ ಬಿಸಿ ಇದೆ ಅನ್ನಿಸಿದ್ದು ಕಟ್ಟಕಡೆಗೆ; ಒಂದರ ಸೋಂಕು ಇನ್ನೊಂದಕ್ಕೆ ಕೈಯ ಮೂಲಕ ದಾಟಬಾರದು. ಅರ್ಧ ಗೋಡೆಗೆ ಹಳೆಯ ತಗಡು ಸೇರಿಸಿ ಕಟ್ಟಿದ ಕೊಟ್ಟಿಗೆಯಾದ್ದರಿಂದ ಹಸುಗಳಿಗೆ ತರಚೀತೆಂದು ಒಂದೊಂದು ತಗಡಿನ ಅಂಚನ್ನೂ ತಾನೇ ಒಳಕ್ಕೆ ಮಡಿಸಿ ಸುತ್ತಿಗೆಯಿಂದ ಬಡಿದು ನುಣ್ಣಗೆ ಮಾಡಿದ್ದಳು. ಗೇಟಿನ ತಳದ ತಗಡನ್ನಂತೂ ಕರುಗಳ ಕಾಲು ಸಿಕ್ಕೀತೆಂದು ಎರಡು ಸಲ ಬಡಿದಿದ್ದಳು.

ಮನುಷ್ಯರ ವಿಷಯಕ್ಕೆ ಬಂದರೆ ಇಷ್ಟು ನಾಜೂಕು ಇರಲಿಲ್ಲ. ಹಸು ಕೆಮ್ಮಿದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವವಳು ತನಗೆ ಜ್ವರ ಬಂದರೆ ಜ್ವರಕ್ಕೇ ಬೈದು ಕೆಲಸಕ್ಕೆ ಏಳುವಳು. ಗೂಡಿನಲ್ಲಿ ಹಸುವಿನ ಗಾಯದ ಮುಲಾಮಿನ ಒಂದು ಡಬ್ಬಿ ಇತ್ತು. ಕೊಂಬು ತಾಗಿದ ಗಾಯಕ್ಕೂ ಅದೇ, ಮೈದುನನ ಸಿಮೆಂಟು ತಿಂದ ಬೆರಳಿಗೂ ಅದೇ.

"ಅಕ್ಕ, ಇದು ದನದ್ದು, ನಮಗೆ ಹಚ್ಚಬಹುದಾ?" ಎಂದು ಚಿಕ್ಕವಳು ಒಮ್ಮೆ ಕೇಳಿದ್ದಳು.

"ನಿನ್ನ ಗಂಡನ್ನ ನೋಡಿದ್ಮೇಲೂ ಈ ಪ್ರಶ್ನೆ ಕೇಳ್ತೀಯಲ್ಲ" ಎಂದಿದ್ದಳು ದೊಡ್ಡವಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಪಶುವೈದ್ಯ ಅವರ ಅಂಗಳ ತುಳಿದು ವರ್ಷಗಳೇ ಆಗಿದ್ದವು. ಕಾಲುಬಾಯಿ ಜ್ವರಕ್ಕೆ ಚುಚ್ಚಲು ಬಂದಾಗ ಮಾತ್ರ ಅವಳು ಗೇಟು ತೆರೆಯುತ್ತಿದ್ದಳು, ಅದು ಪುಕ್ಕಟೆ ಎಂದು. ಉಳಿದದ್ದಕ್ಕೆಲ್ಲ ಅವಳದು ಒಂದೇ ಮಾತು: "ಅವರು ಬಂದು ನೋಡೋದನ್ನೇ ನಾವೂ ನೋಡೋದು." ಈ ಮಾತಿನಲ್ಲಿ ಜಂಬ ಇತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಅವಳ ಹಸುಗಳು ಬೀದಿಯಲ್ಲೇ ಆರೋಗ್ಯವಾದ ಹಸುಗಳು, ಜಂಬ ಪಡಲು ಕಾರಣವೂ ಇತ್ತು.

ನಾಯಿ ಬಂದದ್ದು ಮಳೆ ಹಿಂದೆ ಸರಿದ ಹೊಸತರಲ್ಲಿ, ಇನ್ನೂ ಮಬ್ಬುಗತ್ತಲಿರುವಾಗ. ಹಾಲು ಕರೆಯಲೆಂದು ಬಿಸಿನೀರಿನ ಚೊಂಬು ಹಿಡಿದು ಹೊರಟ ದೊಡ್ಡವಳಿಗೆ ಕೊಟ್ಟಿಗೆಯೊಳಗೆ ಹಗ್ಗ ಜಗ್ಗುವ, ಗೊರಸು ಬಡಿಯುವ ಗದ್ದಲ ಕೇಳಿಸಿತು. ಗೇಟು ತಳ್ಳಿದಳು. ಸಾಧು ಎಂಬ ಹಸುವಿನ ಗೋದಲಿಯ ಹತ್ತಿರ ಕಂದುಬಣ್ಣದ ಒಂದು ನಾಯಿ. ಬೀದಿಯ ನಾಯಿಗಳೆಲ್ಲ ಅವಳಿಗೆ ಪರಿಚಯ, ಇದು ಬೇರೆ. ಬೊಗಳಲಿಲ್ಲ, ಹೆದರಲೂ ಇಲ್ಲ. ಕೆಳದವಡೆ ಜೋಲುಬಿದ್ದಿತ್ತು. ಅವಳು ಚೊಂಬನ್ನೇ ಬೀಸಿ ಒಗೆದಳು. ನಾಯಿ ನೇರ ಅವಳತ್ತಲೇ ನುಗ್ಗಿ, ಕಾಲ ಸಂದಿಯಲ್ಲಿ ತೂರಿ, ಗೇಟು ದಾಟಿ ಮಬ್ಬಿನಲ್ಲಿ ಮರೆಯಾಯಿತು. ಅವಳು ಆಯ ತಪ್ಪಿ ಗೇಟಿಗೆ ಒರಗಿದಳು. ಹಿಮ್ಮಡಿಗೆ ಏನೋ ಸವರಿದ ಹಾಗಾಯಿತು. ತಗಡು ಇರಬೇಕು ಎಂದುಕೊಂಡಳು.

ಸಾಧು ಅವಳ ಆರು ಹಸುಗಳಲ್ಲಿ ಹೆಸರಿಗೆ ತಕ್ಕಂಥದ್ದು. ಕೊಂಬಿದೆ ಎಂಬುದನ್ನೇ ಮರೆತಂತಿದ್ದ ಹಸು. ಅದರ ಮೂತಿಯ ಮೇಲೆ, ಮೂಗಿನ ಹೊಳ್ಳೆಯ ಪಕ್ಕದಲ್ಲಿ, ಎರಡು ಕಡೆ ರಕ್ತ ಜಿನುಗುತ್ತಿತ್ತು. ದೊಡ್ಡವಳು ಒರೆಸಿದಳು, ಮುಲಾಮು ಹಚ್ಚಿದಳು. ಅದೇ ಬೆರಳಿನಲ್ಲಿ ಉಳಿದದ್ದನ್ನು ದಂಡ ಮಾಡುವುದೇಕೆಂದು ಬಗ್ಗಿ ತನ್ನ ಹಿಮ್ಮಡಿಗೂ ಸವರಿಕೊಂಡಳು.

ಚಿಕ್ಕವಳು ಕಣ್ಣುಜ್ಜುತ್ತಾ ಬಂದು, "ಏನಾಯ್ತಕ್ಕ?" ಎಂದಾಗ ಅವಳ ಬಾಯಿಂದ ಸಲೀಸಾಗಿ ಬಂತು: "ಇವಳು ಮೂತಿನ ಎಲ್ಲೋ ಬೇಲಿಗೆ ತಿಕ್ಕಿಕೊಂಡಿದಾಳೆ. ನಂಗೆ ತಗಡು ತರಚ್ತು. ಹೋಗಿ ಇನ್ನೊಂದು ಚೊಂಬು ನೀರು ತಾ."

ಯಾಕೆ ಹಾಗೆ ಹೇಳಿದಳು ಎಂದರೆ, ಬೆಳಕು ಹರಿದರೆ ಪಾತ್ರೆ ಹಿಡಿದ ಜನ ಗೇಟಿನ ಮುಂದೆ ಬಂದು ನಿಲ್ಲುತ್ತಾರೆ. ನಾಯಿ ಎಂಬ ಎರಡಕ್ಷರ ಒಬ್ಬರ ಕಿವಿಗೆ ಬಿದ್ದರೆ ಸಾಕು, ಮಧ್ಯಾಹ್ನದೊಳಗೆ ಅದು ಬೀದಿ ಸುತ್ತಿ ಬರುತ್ತದೆ. ಮಾರನೆಯ ದಿನ ಒಂದು ಪಾತ್ರೆಯೂ ಬರುವುದಿಲ್ಲ. ಇಷ್ಟು ವರ್ಷ ಕಟ್ಟಿದ ಹೆಸರನ್ನು ಯಾವುದೋ ಬೀಡಾಡಿ ನಾಯಿಗೋಸ್ಕರ ಗಾಳಿಗೆ ತೂರುವುದೇ? ಹಸಿದ ನಾಯಿ, ಗೋದಲಿಯಲ್ಲಿ ಏನೋ ಹುಡುಕಿ ಬಂದಿದೆ, ಅಷ್ಟೆ. ಎರಡು ದಿನ ಬಿಟ್ಟು ಕಾಲುವೆಯ ಪಕ್ಕ ಒಂದು ಕಂದು ನಾಯಿ ಸತ್ತು ಬಿದ್ದಿದೆ ಎಂದು ಯಾರೋ ಮಾತಿನ ನಡುವೆ ಹೇಳಿದಾಗ ಅವಳು ಹೋಗಿ ಸಾಧುವಿನ ಮೂತಿಯನ್ನು ಇನ್ನೊಮ್ಮೆ ನೋಡಿ ಬಂದಳು. ಲಾರಿಗೆ ಸಿಕ್ಕಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಡ್ರೈವರನ ಹೆಂಡತಿ, ಲಾರಿಗೆ ನಾಯಿ ಸಿಗುವುದು ಅವಳಿಗೆ ಹೊಸದಲ್ಲ.

ಸಾಧುವಿನ ಗಾಯ ಮಾಯಿತು. ಹಿಮ್ಮಡಿಯದೂ ಮಾಯಿತು. ಎಂದಿನಂತೆ ಹಾಲು ಕರೆದರು, ಹುಲ್ಲು ಕತ್ತರಿಸಿದರು, ಸಗಣಿ ಬಾಚಿದರು. ಬಿಡುವಾದಾಗ ದೊಡ್ಡವಳು ಚಿಕ್ಕವಳಿಗೆ ಪಾಠ ಹೇಳಿಕೊಡುತ್ತಿದ್ದಳು. ನಾಲಿಗೆಯನ್ನು ಎಲ್ಲಿ ಹಿಡಿಯಬೇಕು, ಹೆಬ್ಬೆರಳನ್ನು ಹೇಗೆ ಒಳಗೆ ಮಡಿಸಬೇಕು, ದವಡೆಹಲ್ಲಿನ ಹತ್ತಿರ ಹೇಗೆ ಹುಷಾರಾಗಿರಬೇಕು, ಎಲ್ಲ. ಗಿಡ್ಡಿ ಎಂಬ ಹಸು ಬದನೆಕಾಯಿ ನುಂಗಿಕೊಂಡ ದಿನ ಚಿಕ್ಕವಳೇ ಮೊದಲ ಸಲ ಕೈ ಇಳಿಸಿದಳು. ದೊಡ್ಡವಳು ಪಕ್ಕದಲ್ಲಿ ಕೊಂಬು ಹಿಡಿದು ನಿಂತಿದ್ದಳು. ಆ ಸಪೂರ ಕೈ ಏನೂ ತಡೆಯಿಲ್ಲದೆ ಇಳಿದುದನ್ನು, ಬದನೆಕಾಯಿಯನ್ನು ಹಿಡಿದು ಹೊರಗೆ ಬಂದುದನ್ನು ನೋಡಿ ಅವಳಿಗೆ ತನ್ನ ಹೊಟ್ಟೆಯಲ್ಲೇ ಹುಟ್ಟಿದ ಮಗಳು ಗೆದ್ದಷ್ಟು ಖುಷಿಯಾಯಿತು. ಬಾಯಲ್ಲಿ ಮಾತ್ರ, "ಬಳೆ ತೆಗೀಬೇಕು ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ" ಎಂದಳು.

ಚಳಿ ಶುರುವಾದ ಮೇಲೆ ಒಂದು ದಿನ ಬೆಳಿಗ್ಗೆ ಸಾಧು ಮೇವಿಗೆ ಬಾಯಿ ಹಾಕಲಿಲ್ಲ. ಉಳಿದವುಗಳಿಂದ ಮುಖ ತಿರುಗಿಸಿ ಗೋಡೆಯತ್ತ ನೋಡುತ್ತಾ ನಿಂತಿತ್ತು. ಹಾಲೂ ಕಡಿಮೆ. ದೊಡ್ಡವಳು ಕೆಚ್ಚಲು ಮುಟ್ಟಿ ನೋಡಿದಳು, ಕಿವಿ ಮುಟ್ಟಿ ನೋಡಿದಳು, ಅಜೀರ್ಣವೆಂದು ತೀರ್ಮಾನಿಸಿದಳು. ಅವಳ ಗಮನವೂ ಅಂದು ಪೂರ್ತಿ ಅಲ್ಲಿರಲಿಲ್ಲ. ಹಿಂದಿನ ದಿನದಿಂದ ಅವಳ ಬಲಗಾಲಿನ ಹಿಮ್ಮಡಿಯಲ್ಲಿ ಏನೋ ಜುಮುಜುಮು. ಇರುವೆ ಹರಿದ ಹಾಗೆ. ನೋಡಿದರೆ ಇರುವೆಯಿಲ್ಲ, ಸೊಳ್ಳೆ ಕಚ್ಚಿದ ಗುರುತೂ ಇಲ್ಲ. ಕರೆಯಲು ಕೂತಲ್ಲೇ ಇನ್ನೊಂದು ಕಾಲಿನ ಬೆರಳಿನಿಂದ ತಿಕ್ಕಿಕೊಂಡಳು.

"ನಾನು ಬೂಸಾ ತರೋಕೆ ಹೋಗ್ಬರ್ತೀನಿ. ಇವಳಿಗೆ ನೀರು ಮಾತ್ರ ಇಡು, ಬಲವಂತ ಮಾಡ್ಬೇಡ" ಎಂದು ಹೇಳಿ ಹೊರಟಳು.

ಅಂಗಡಿಯಲ್ಲಿ ಹೊಸ ಲೋಡು ಇಳಿಯುತ್ತಿತ್ತು. ಕಾದು, ಮೂಸಿ, ಜಗಳವಾಡಿ, ತರಕಾರಿ ಆಟೋದವನ ಗಾಡಿಯಲ್ಲಿ ಚೀಲ ಹಾಕಿಸಿಕೊಂಡು ವಾಪಸಾಗುವಷ್ಟರಲ್ಲಿ ಬಿಸಿಲು ಇಳಿದಿತ್ತು. ಬೀದಿಯ ತಿರುವಿಗೆ ಬರುತ್ತಿದ್ದಂತೆ ಒಂದು ಕೂಗು ಕೇಳಿಸಿತು. ಹಸುವಿನದು ಹೌದು, ಹಸುವಿನದಲ್ಲ ಎಂದರೂ ಹೌದು. ಒಡೆದ, ಒರಟಾದ, ಮುಗಿಯುವ ಹೊತ್ತಿಗೆ ಗಾಳಿಯಷ್ಟೇ ಉಳಿಯುವ ಕೂಗು. ಆಟೋದವನು, "ಯಾರದ್ರೀ ಹಸು ಹಂಗೆ ಕೂಗ್ತಿರೋದು?" ಎಂದ. ತನ್ನ ಆರು ಹಸುಗಳ ದನಿಯೂ ಅವಳಿಗೆ ಗೊತ್ತು, ಇದು ಆ ಆರರಲ್ಲಿ ಯಾವುದೂ ಅಲ್ಲ. ಆದರೂ ಕೂಗು ಬರುತ್ತಿದ್ದುದು ಅವಳ ಕೊಟ್ಟಿಗೆಯಿಂದಲೇ.

ಅಂಗಳದಲ್ಲಿ ಚಿಕ್ಕವಳು ಸೆರಗು ಸಿಕ್ಕಿಸಿಕೊಂಡು, ಬಲಗೈಯನ್ನು ಮೈಯಿಂದ ದೂರ ಹಿಡಿದು, ಎಡಗೈಯಲ್ಲಿ ಒರೆಸುವ ಬಟ್ಟೆ ಹುಡುಕುತ್ತಿದ್ದಳು. ಮುಖದಲ್ಲಿ ಆಯಾಸ, ಆಯಾಸದ ಮೇಲೆ ಹೆಮ್ಮೆ. ಬೆರಳ ತುದಿಯಿಂದ ಮೊಣಕೈಯವರೆಗೆ ಎಣ್ಣೆ ಹೊಳೆಯುತ್ತಿತ್ತು, ಎಣ್ಣೆಯ ಮೇಲೆ ದಾರದಂತೆ ಎಳೆಯಾಗಿ ಜೊಲ್ಲು.

"ಅಕ್ಕ, ನೀವು ಹೋದ ಮೇಲೆ ಒಂದೇ ಸಮ ಜೊಲ್ಲು ಸುರಿಸೋಕೆ ಶುರು ಮಾಡಿದಳು. ನೀರು ಕೂಡ ನುಂಗ್ಲಿಲ್ಲ. ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ನಾನೇ ಕೈ ಹಾಕ್ದೆ. ನೀವು ಹೇಳಿದ ಹಾಗೇ, ಬಳೆ ತೆಗೆದು. ಎರಡು ಸಲ ಪೂರ್ತಿ ಒಳಗೆ ಹೋಯ್ತು ಕೈ."

"ಸಿಕ್ತಾ?"

"ಇಲ್ಲ. ಅದೇ ಆಶ್ಚರ್ಯ. ಒಳಗೆ ಏನೂ ಇಲ್ಲ."

ದೊಡ್ಡವಳು ಅತ್ತ ಓಡಿದಳು. ಗಂಟಲು ಖಾಲಿ, ಆದರೂ ಜೊಲ್ಲು. ಕೊಟ್ಟಿಗೆಯ ಬಾಗಿಲಿನಿಂದ ಇಣುಕಿದಳು. ಸಾಧು ಗೂಟದ ಸುತ್ತ ಹಗ್ಗ ಬಿಗಿಯುವ ತನಕ ಸುತ್ತಿ ನಿಂತಿತ್ತು. ಹಿಂಗಾಲು ತೂರಾಡುತ್ತಿತ್ತು. ಬಾಯಿಯ ಎರಡೂ ಬದಿ ನೊರೆ. ಅವಳು ಕರೆದಾಗ ಯಾವಾಗಲೂ ಕಿವಿ ಅಲ್ಲಾಡಿಸುವ ಹಸು ಈಗ ತಲೆ ತಗ್ಗಿಸಿ, ತನಗೆ ಕೊಂಬಿದೆ ಎಂದು ಮೊದಲ ಸಲ ನೆನಪಾದಂತೆ, ಅವಳತ್ತ ನುಗ್ಗಿತು. ಹಗ್ಗ ಹಿಡಿದು ನಿಲ್ಲಿಸಿತು. ಮೂಗಿನ ಹೊಳ್ಳೆಯ ಪಕ್ಕದ ಎರಡು ಹಳೆಯ ಕಲೆಗಳನ್ನು ಸಾಧು ಗೋದಲಿಯ ಅಂಚಿಗೆ ತಿಕ್ಕಿ ತಿಕ್ಕಿ ಮತ್ತೆ ರಕ್ತ ಬರಿಸಿಕೊಂಡಿತ್ತು.

ಅವಳು ತಿರುಗಿ ಬಂದು ಚಿಕ್ಕವಳ ಮುಂಗೈ ಹಿಡಿದು ನೋಡಿದಳು. ತೋರುಬೆರಳಿನಲ್ಲಿ ಹುಲ್ಲು ಕತ್ತರಿಸುವಾಗ ಆದ ಗೀರು, ಇನ್ನೂ ಕೆಂಪಗಿತ್ತು. ಮುಂಗೈಯ ಮೇಲೆ ದವಡೆಹಲ್ಲು ಉಜ್ಜಿ ಸಿಪ್ಪೆ ಎದ್ದಿತ್ತು.

"ನಲ್ಲಿ ಕೆಳಗೆ ಹಿಡಿ."

"ಒರೆಸ್ಕೋತೀನಿ ಅಕ್ಕ, ಪರವಾಗಿಲ್ಲ."

"ನಲ್ಲಿ ಕೆಳಗೆ ಹಿಡಿ ಅಂದೆ."

ಬಟ್ಟೆ ಸೋಪು ತಂದು ತಾನೇ ತಿಕ್ಕಿದಳು. ತೊಳೆದಳು, ಮತ್ತೆ ತಿಕ್ಕಿದಳು, ಮತ್ತೆ ತೊಳೆದಳು. ಸೋಪು ಅರ್ಧ ಸವೆಯಿತು. ತೊಟ್ಟಿ ತುಂಬುವ ಮೊದಲೇ ನಲ್ಲಿ ನಿಲ್ಲಿಸುವ ಹೆಂಗಸು ಇವತ್ತು ನೀರು ಅಂಗಳವೆಲ್ಲ ಹರಿದರೂ ನೋಡಲಿಲ್ಲ. ಚಿಕ್ಕವಳು ಮೊದಲು ನಕ್ಕಳು, ಆಮೇಲೆ ನಗು ನಿಂತುಹೋಯಿತು.

"ಏನಕ್ಕ ಇದು? ಯಾಕೆ ಇಷ್ಟು ತಿಕ್ತಿದೀರಿ?"

ದೊಡ್ಡವಳು ಸೋಪಿನ ಕೈಯನ್ನು ನೋಡುತ್ತಾ ಇದ್ದಳು. ಎಷ್ಟು ಸಣ್ಣ ಕೈ. ಬಳೆ ನೋಡುವ ನೆಪ ಮಾಡಿ, ಇದೇ ಬೇಕು ಎಂದು ತಾನೇ ಆರಿಸಿ ತಂದ ಕೈ. ತಾನೇ ಕಲಿಸಿ, ತಾನೇ ಹೆಮ್ಮೆಪಟ್ಟು, ಕೊನೆಗೆ ತಾನೇ ಅಲ್ಲಿಗೆ ಇಳಿಸಿದ ಹಾಗಾಯಿತು. ಬೆಳಿಗ್ಗೆ ಹೊರಡುವಾಗ ನಾಯಿಯ ಮಾತು ಒಂದು ಹೇಳಿದ್ದರೆ ಈ ಹುಡುಗಿ ಕೊಟ್ಟಿಗೆಯ ಹೊಸಿಲನ್ನೂ ದಾಟುತ್ತಿರಲಿಲ್ಲ. ಅವಳಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು.

ಗೇಟಿನ ಹತ್ತಿರ ಪಾತ್ರೆಗಳ ಸದ್ದಾಯಿತು. ಸಂಜೆಯ ಹಾಲಿಗೆ ಜನ. ಮೂಲೆಮನೆಯವಳು ಮುಂದೆ, ಅವಳ ಹಿಂದೆ ಇನ್ನೂ ಮೂರು ನಾಲ್ಕು ಮಂದಿ.

"ಏನು ಡಾಕ್ಟ್ರಮ್ಮ, ಇವತ್ತು ಹಾಲು ತಡ? ನಿಮ್ಮ ಹಸು ಯಾಕೆ ಹಾಗೆ ಕೂಗ್ತಿದೆ?"

ಈಗಲೂ ಒಂದು ಸುಳ್ಳಿಗೆ ಜಾಗವಿತ್ತು. ಹೊಟ್ಟೆನೋವು ಎನ್ನಬಹುದಿತ್ತು, ಬೆದೆಗೆ ಬಂದಿದೆ ಎನ್ನಬಹುದಿತ್ತು. ಸುಳ್ಳು ನಾಲಿಗೆಯ ತುದಿಗೆ ಬಂತು ಕೂಡ. ದೊಡ್ಡವಳು ಅದನ್ನು ನುಂಗಿಕೊಂಡಳು.

"ಇವತ್ತು ಹಾಲಿಲ್ಲ. ಬೆಳಿಗ್ಗೇದು ಉಳಿದಿದ್ರೆ ಚೆಲ್ಲಿಬಿಡಿ. ಸಾಧುಗೆ ಹುಚ್ಚುನಾಯಿ ಕಚ್ಚಿತ್ತು. ಮೊನ್ನೆ ಮೊನ್ನೆಯಲ್ಲ, ಮಳೆ ನಿಂತ ಹೊಸತರಲ್ಲಿ. ನಾನು ನೋಡಿದ್ದೆ. ಯಾರಿಗೂ ಹೇಳಿರಲಿಲ್ಲ."

ಮೂಲೆಮನೆಯವಳು ಪಾತ್ರೆಯನ್ನು ಎದೆಗೆ ಅವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಮನೆಯಲ್ಲಿ ಹಾಲು ಕುಡಿಯುವ ಮಕ್ಕಳಿದ್ದರು. ಚಿಕ್ಕವಳ ಒದ್ದೆ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಅಕ್ಕನನ್ನು ನೋಡಿದಳು, ತನ್ನ ಕೈಯನ್ನು ನೋಡಿಕೊಂಡಳು, ಮತ್ತೆ ಅಕ್ಕನನ್ನು ನೋಡಿದಳು. ಬೈದಿದ್ದರೆ ದೊಡ್ಡವಳಿಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

ಕೆಲಸದಿಂದ ಆಗತಾನೇ ಬಂದ ಮೈದುನ ಬೈಕಿನಿಂದ ಇಳಿಯುವ ಮೊದಲೇ ಅವನನ್ನು ಪಶುವೈದ್ಯರ ಹತ್ತಿರ ಅಟ್ಟಿದರು. ವೈದ್ಯ ಬಂದ. ಅರ್ಧ ಗೋಡೆಯ ಆಚೆಯಿಂದಲೇ ನೋಡಿದ, ಒಳಗೆ ಕಾಲಿಡಲಿಲ್ಲ. ಸಾಧು ಗಂಟಲು ಒಡೆದು ಕೂಗಿತು.

"ಯಾರೂ ಹತ್ತಿರ ಹೋಗ್ಬೇಡಿ. ಉಳಿದ ಹಸುಗಳನ್ನ ಆಚೆ ಕಡೆಯಿಂದ ಬಿಚ್ಚಿ ಬೇರೆ ಕಟ್ಟಿ. ಇದು ಎರಡು ದಿನ ಇದ್ರೆ ಹೆಚ್ಚು" ಎಂದ. ಆಮೇಲೆ ಚಿಕ್ಕವಳ ಕೈ ನೋಡಿ ದನಿ ತಗ್ಗಿಸಿದ. "ಜೊಲ್ಲು ಕಂಡರೆ ಮೊದಲು ಕೈ ಕಟ್ಟಿಕೊಂಡು ನಿಲ್ಲಬೇಕಮ್ಮ, ಆಮೇಲೆ ಯೋಚನೆ ಮಾಡಬೇಕು. ಎಲ್ಲರೂ ಮಾಡೋ ತಪ್ಪೇ ಇದು, ಏನೋ ಸಿಕ್ಕಿದೆ ಅಂತ ಕೈ ಹಾಕ್ತಾರೆ. ಈಗಿಂದೀಗಲೇ ದೊಡ್ಡಾಸ್ಪತ್ರೆಗೆ ಹೋಗಿ. ಇವತ್ತೇ ಶುರು ಮಾಡಿದ್ರೆ ಭಯ ಇಲ್ಲ. ಅದರ ಲಕ್ಷಣ ಕಾಣಿಸಿಕೊಳ್ಳೋಕೆ ಮುಂಚೆ ಔಷಧಿ ಹೋಗ್ಬೇಕು, ಅಷ್ಟೇ."

"ಕಾಣಿಸಿಕೊಂಡ ಮೇಲೆ?" ಎಂದು ಮೈದುನ ಕೇಳಿದ.

ವೈದ್ಯ ಗೋಡೆಯಾಚೆಯ ಹಸುವನ್ನು ನೋಡಿದ.

ತರಕಾರಿ ಆಟೋದವನು ಇನ್ನೂ ಬೂಸಾ ಚೀಲ ಇಳಿಸಿ ನಿಂತೇ ಇದ್ದ. ಅವನ ಗಾಡಿಯ ಹಿಂದೆ, ಕೋಸಿನ ಎಲೆಗಳ ನಡುವೆ ಓರಗಿತ್ತಿಯರಿಬ್ಬರೂ ಕೂತರು. ಮೈದುನ ಬೈಕಿನಲ್ಲಿ ಹಿಂದೆಯೇ ಬಂದ. ದಾರಿಯುದ್ದಕ್ಕೂ ದೊಡ್ಡವಳು ಚಿಕ್ಕವಳ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಗಾಡಿ ಕುಲುಕಿದಾಗಲೆಲ್ಲ ಹಿಮ್ಮಡಿ ಹಲಗೆಗೆ ತಾಗಿ ಅಲ್ಲಿಂದ ಮೀನಖಂಡದವರೆಗೆ ಜುಮ್ಮೆನ್ನುತ್ತಿತ್ತು. ಅವಳು ಅದನ್ನು ಲೆಕ್ಕಕ್ಕೆ ಇಡಲಿಲ್ಲ. ಇವಳ ತಾಯಿಮನೆಗೆ ಏನು ಹೇಳುವುದು, ಈ ಹುಡುಗಿಗೆ ಏನಾದರೂ ಆದರೆ ಯಾವ ಮುಖ ಇಟ್ಟುಕೊಂಡು ಬದುಕುವುದು, ಇದೊಂದೇ ತಲೆಯಲ್ಲಿ ಗಾಣದಂತೆ ಸುತ್ತುತ್ತಿತ್ತು.

ಆಸ್ಪತ್ರೆಯ ಆ ಕೋಣೆಯಲ್ಲಿ ಒಂದು ಮೇಜು, ಎರಡು ಸ್ಟೂಲು, ಮೂಲೆಯಲ್ಲಿ ಔಷಧಿಯ ತಣ್ಣನೆಯ ಪೆಟ್ಟಿಗೆ. ನರ್ಸು ಚಿಕ್ಕವಳ ಗೀರುಗಳನ್ನು ಇನ್ನೊಮ್ಮೆ ತೊಳೆದು, ಗೀರಿನ ಸುತ್ತಲೂ ಚುಚ್ಚಿದಳು, ತೋಳಿಗೂ ಚುಚ್ಚಿದಳು. ಚಿಕ್ಕವಳು ಹಲ್ಲು ಕಚ್ಚಿ ಕೂತಿದ್ದಳು. ಡಾಕ್ಟರಮ್ಮ, ನಿಜವಾದ ಡಾಕ್ಟರಮ್ಮ, ಮುಂದಿನ ಚುಚ್ಚುಮದ್ದುಗಳಿಗೆ ಯಾವಾಗ ಬರಬೇಕೆಂದು ಎರಡೆರಡು ಸಲ ಹೇಳಿ, "ಒಂದೂ ತಪ್ಪಿಸ್ಬೇಡಿ. ಇವರಿಗೆ ಏನೂ ಆಗಲ್ಲ, ಸರಿಯಾದ ಹೊತ್ತಿಗೆ ಬಂದಿದೀರಿ" ಎಂದರು.

ದೊಡ್ಡವಳು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ತಡೆದಿಟ್ಟಿದ್ದ ಅಳು ಈಗ ಬಂತು. ಹುಡುಗಿ ಉಳಿದಳು. ಹೆಸರು ಹೋಗಲಿ, ಹಾಲಿನ ಪಾತ್ರೆಗಳು ಬರದಿದ್ದರೆ ಬರದೇ ಹೋಗಲಿ.

"ಹಸುವಿನ ಬಾಯಿ ಬೇರೆ ಯಾರು ಮುಟ್ಟಿದ್ರು? ನೀವು?" ಎಂದರು ಡಾಕ್ಟರು.

"ಇವತ್ತು ಬಾಯಿ ಮುಟ್ಟಿಲ್ಲ, ಕೆಚ್ಚಲು, ಕಿವಿ ಅಷ್ಟೆ."

"ನಾಯಿ ಬಂದ ದಿನ? ಅದು ನಿಮ್ಮ ಮೇಲೇನಾದ್ರೂ ಬಿತ್ತಾ, ಪರಚಿತ್ತಾ?"

"ಇಲ್ಲ, ಓಡಿಹೋಯ್ತು."

ಚಿಕ್ಕವಳು ತೋಳು ಒತ್ತಿಹಿಡಿದುಕೊಂಡೇ ತಲೆಯೆತ್ತಿದಳು. "ಅಕ್ಕ, ಸಾಧು ಮೂತಿಗೆ ಮುಲಾಮು ಹಚ್ಚಿದ ದಿನಾನೇ ಅಲ್ವಾ ನಿಮ್ಮ ಹಿಮ್ಮಡಿಗೂ ಹಚ್ಚಿಕೊಂಡಿದ್ದು? ತಗಡು ತರಚ್ತು ಅಂದ್ರಲ್ಲ."

"ಹೌದು. ಗೇಟಿನ ತಗಡು" ಎಂದಳು ದೊಡ್ಡವಳು.

ಅಂದವಳು ಅಲ್ಲೇ ನಿಂತಳು. ಗೇಟಿನ ತಗಡು. ಅದರ ತಳದ ಅಂಚು ಅವಳ ಕಣ್ಣಿಗೆ ಕಟ್ಟಿತು. ಕರುಗಳ ಕಾಲು ಸಿಕ್ಕೀತೆಂದು ಒಳಕ್ಕೆ ಮಡಿಸಿ, ಸುತ್ತಿಗೆ ತಂದು, ಒಮ್ಮೆ ಬಡಿದು ಸಾಲದೆ ಎರಡನೆಯ ಸಲ ಬಡಿದು, ಬೆರಳಿನಿಂದ ಈ ಕೊನೆಯಿಂದ ಆ ಕೊನೆಯವರೆಗೆ ಸವರಿ ನೋಡಿದ್ದಳು. ಬಾಳೆ ಎಲೆಯ ಅಂಚಿನಷ್ಟು ನುಣುಪು. ಆ ಗೇಟಿನಲ್ಲಾಗಲಿ ಇಡೀ ಕೊಟ್ಟಿಗೆಯಲ್ಲಾಗಲಿ ಒಂದು ಹಸುವಿನ ಚರ್ಮ ತರಚುವಂಥ ತಗಡು ಇರಲಿಲ್ಲ. ಇಲ್ಲದಂತೆ ನೋಡಿಕೊಂಡವಳೇ ಅವಳು.

"ತಗಡಲ್ಲ" ಎಂದಳು.

ಡಾಕ್ಟರು ಮೇಜಿನ ಆಚೆಯಿಂದ ಎದ್ದು ಬಂದರು. ಬಗ್ಗಿ ಹಿಮ್ಮಡಿ ನೋಡಿದರು. ಗಾಯ ಯಾವತ್ತೋ ಕೂಡಿಕೊಂಡು ತೆಳ್ಳನೆಯ ಬಿಳಿ ಗೆರೆಯಾಗಿತ್ತು. ಅವರು ಅದನ್ನು ಬೆರಳಿನಿಂದ ಮೆಲ್ಲಗೆ ಒತ್ತಿ, ತಲೆಯೆತ್ತಿ, ತೀರಾ ಸಾಮಾನ್ಯವಾದ ದನಿಯಲ್ಲಿ ಕೇಳಿದರು: "ಇಲ್ಲಿ ಏನಾದ್ರೂ ಅನ್ನಿಸ್ತಿದೆಯಾ? ಜುಮುಜುಮು, ತುರಿಕೆ, ಉರಿ, ಆ ಥರ?"

ಆ ದನಿ ದೊಡ್ಡವಳಿಗೆ ಗೊತ್ತಿತ್ತು. ಎಷ್ಟೋ ಕೊಟ್ಟಿಗೆಗಳಲ್ಲಿ, ಎಷ್ಟೋ ಮಾಲೀಕರ ಮುಂದೆ, ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ ಮೇಲೆ ಅವಳೇ ಆ ದನಿಯಲ್ಲಿ ಕೇಳಿದ್ದಳು, ಮೇವು ತಿಂತಾ ಎಂದು.

ಚಿಕ್ಕವಳು ಅವಳ ಮುಖವನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ಆಗಲೇ ನೀರು ತುಂಬುತ್ತಿತ್ತು.

"ಇಲ್ಲ. ಏನೂ ಇಲ್ಲ" ಎಂದಳು ದೊಡ್ಡವಳು.

ಡಾಕ್ಟರು ಆ ಬಿಳಿ ಗೆರೆಯನ್ನು ಇನ್ನೊಮ್ಮೆ ಒತ್ತಿ ನೋಡಿದರು. ಅವಳಿಗೂ ಚುಚ್ಚುಮದ್ದು ಕೊಡುವಂತೆ ನರ್ಸಿಗೆ ಹೇಳಿದರು. "ಇವತ್ತು ನೀವು ಇಲ್ಲೇ ಇರಿ. ನಿಮ್ಮ ಯಜಮಾನ್ರಿಗೆ ಫೋನ್ ಮಾಡಿ ಬರೋಕೆ ಹೇಳಿ" ಎಂದರು. ಮೈದುನ ಫೋನು ಹಿಡಿದು ಹೊರಗೆ ಓಡಿದ. ದಾರಿಯಲ್ಲಿ ಎಲ್ಲೋ ಇರುವ ಅಣ್ಣನಿಗೆ ಏನೆಂದು ಹೇಳಬೇಕೋ ಅವನಿಗೂ ಗೊತ್ತಿರಲಿಲ್ಲ.

ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತರು. ದೊಡ್ಡವಳು ಸೆರಗಿನಿಂದ ಮುಖ ಒರೆಸಿಕೊಂಡು, ಮಾಮೂಲಿನ ದನಿ ತಂದುಕೊಂಡಳು.

"ಕೇಳಿಸ್ಕೋ. ನಾಳೆ ಮೊದಲು ಗಿಡ್ಡೀನ ಕರಿ, ಅವಳದು ಮೊದಲ ಕರು. ಬೇರೆಯವರ ಕೈ ಅಂತ ಒದೀತಾಳೆ, ಬೈಬೇಡ. ಮುದುಕಿ ಕೆಚ್ಚಲು ಎಡಗಡೆ ಸ್ವಲ್ಪ ಬಿಸಿ ಇತ್ತು, ಅವಳನ್ನ ಕೊನೇಗೆ. ಹಾಲು ಚೆಲ್ಲು, ವೈದ್ಯರು ಸರಿ ಅನ್ನೋವರೆಗೂ ಯಾರಿಗೂ ಕೊಡ್ಬೇಡ. ಸಾಧು ಕರುನ ಬೇರೆ ಕಟ್ಟಿಸು. ಎಲ್ಲಕ್ಕೂ ಚುಚ್ಚಿಸು, ದುಡ್ಡು ಕೇಳಿದ್ರೂ ಚುಚ್ಚಿಸು. ಗೂಡಲ್ಲಿರೋ ಆ ಮುಲಾಮಿನ ಡಬ್ಬಿನ ಎಸೆದುಬಿಡು."

"ಯಾಕಕ್ಕ ಈಗ ಇದನ್ನೆಲ್ಲ ಹೇಳ್ತೀರಿ? ನಾಡಿದ್ದು ನೀವೇ ಬರ್ತೀರಲ್ಲ."

"ಬೂಸಾ ಚೀಲ ಅಂಗಳದಲ್ಲೇ ಉಳಿದುಹೋಯ್ತು. ಇಬ್ಬನಿ ಬಿದ್ರೆ ಮುಗ್ಗು ಹಿಡಿಯತ್ತೆ, ಒಳಗೆ ಇಡಿಸು."

ಚಿಕ್ಕವಳು ಕೆಳಗೆ ನೋಡುತ್ತಿದ್ದಳು. ಬೆಂಚಿನ ಕೆಳಗೆ, ಚಪ್ಪಲಿ ಬಿಟ್ಟ ಎಡಗಾಲಿನ ಹೆಬ್ಬೆರಳಿನಿಂದ ದೊಡ್ಡವಳು ತನ್ನ ಬಲಗಾಲಿನ ಹಿಮ್ಮಡಿಯನ್ನು ತಿಕ್ಕಿಕೊಳ್ಳುತ್ತಿದ್ದಳು.